ಗಾಳಿಯ ಲೆಕ್ಕ

ಘಟ್ಟ ಹತ್ತುವ ತನಕ ಎಷ್ಟೋ ಡೀಸೆಲ್ ಕಾರುಗಳ ಕಾಯಿಲೆ ಹೊರಗೆ ಬೀಳುವುದೇ ಇಲ್ಲ. ಊರೊಳಗಿನ ಓಡಾಟಕ್ಕೆ ಇಂಜಿನ್ನಿನ ಅಲ್ಪಸ್ವಲ್ಪ ಶಕ್ತಿ ಸಾಕು. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಮುಂದಿನ ಲಾರಿ ದಾಟೋಣವೆಂದು ಆಕ್ಸಿಲರೇಟರನ್ನು ಪೂರ್ತಿ ತುಳಿದಾಗ ಗುಟ್ಟು ರಟ್ಟಾಗುತ್ತದೆ: ಸದ್ದು ಏರುತ್ತದೆ, ಗಾಡಿ ಏರುವುದಿಲ್ಲ. ಮರುದಿನ ಗ್ಯಾರೇಜಿಗೆ ಹೋಗಿ ‘ಪಿಕಪ್ ಇಲ್ಲ’ ಅಂದರೆ ಸಾಕು, ಬಾನೆಟ್ ಎತ್ತುವ ಮೊದಲೇ ತೀರ್ಪು ಬಂದಿರುತ್ತದೆ. ‘ಟರ್ಬೋ ಹೋಗಿದೆ ಸಾರ್, ಚೇಂಜ್ ಮಾಡ್ಬೇಕು.’

ಈ ಮಾತು ಒಮ್ಮೊಮ್ಮೆ ನಿಜವೂ ಹೌದು. ಆದರೆ ಟರ್ಬೋ ಕೊಡುವ ಒತ್ತಡ ಕಡಿಮೆಯಾಗಿದೆ ಅಂದಮಾತ್ರಕ್ಕೆ ಟರ್ಬೋ ಕೆಟ್ಟಿದೆ ಎಂದಾಗುವುದಿಲ್ಲ. ಯಾಕಾಗುವುದಿಲ್ಲ ಎಂದು ತಿಳಿಯಬೇಕಾದರೆ ಮೊದಲು ಒಂದಿಷ್ಟು ಗಾಳಿಯ ಲೆಕ್ಕ ಹಾಕಬೇಕು.

ಒಂದು ಲೀಟರ್ ಡೀಸೆಲ್ ತೂಗಿದರೆ ಸುಮಾರು 830 ಗ್ರಾಂ. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಕನಿಷ್ಠ ಹದಿನಾಲ್ಕೂವರೆ ಕಿಲೋ ಗಾಳಿ ಬೇಕು. ಅಂದರೆ ಒಂದು ಲೀಟರಿಗೆ 12 ಕಿಲೋ ಗಾಳಿ. ಸಮುದ್ರಮಟ್ಟದಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ 1.2 ಕಿಲೋ ಇರುವುದರಿಂದ, ಒಂದು ಲೀಟರ್ ಡೀಸೆಲ್ ಉರಿಸಲು ಹತ್ತು ಸಾವಿರ ಲೀಟರ್ ಗಾಳಿ. ಪಂಪಿನಲ್ಲಿ ನಿಂತು ನಾವು ದುಡ್ಡು ಕೊಡುವುದು ಡೀಸೆಲ್ಲಿಗೆ ಮಾತ್ರ. ಆದರೆ ಇಂಜಿನ್ ಕುಡಿಯುವುದರಲ್ಲಿ ಡೀಸೆಲ್ಲಿನ ಪಾಲು ತೀರಾ ಚಿಕ್ಕದು.

ಈಗ ನಮ್ಮ ರಸ್ತೆಗಳಲ್ಲಿ ತೀರಾ ಪರಿಚಿತವಾದ ಒಂದು ಇಂಜಿನ್ನನ್ನೇ ತೆಗೆದುಕೊಳ್ಳೋಣ. ಫಿಯಟ್ ಕಂಪನಿಯ 1.3 ಲೀಟರ್ ಮಲ್ಟಿಜೆಟ್ ಯುರೋಪಿನಲ್ಲಿ 2003ರಲ್ಲಿ ಬಂತು. ಆಮೇಲೆ ಮಾರುತಿ ಸ್ವಿಫ್ಟ್, ಡಿಜೈರ್, ಟಾಟಾ ಇಂಡಿಕಾ ವಿಸ್ತಾ ಹೀಗೆ ಬೇರೆ ಬೇರೆ ಕಂಪನಿಗಳ ಬಾನೆಟ್ಟಿನಡಿ ಅದೇ ಇಂಜಿನ್ ಕೂತಿತು. ವಾಹನ ಪ್ರಿಯರು ತಮಾಷೆಗೆ ಅದನ್ನು ‘ನ್ಯಾಷನಲ್ ಇಂಜಿನ್’ ಎಂದೇ ಕರೆದರು. ಅದರ ಗಾತ್ರ 1248 ಸಿಸಿ, ನಾಲ್ಕು ಸಿಲಿಂಡರ್. ಒಂದು ಸಿಲಿಂಡರಿಗೆ 312 ಸಿಸಿ. ಟರ್ಬೋ ಇಲ್ಲದೆ ಅದು ಒಂದು ಸಲಕ್ಕೆ ಎಳೆದುಕೊಳ್ಳಬಲ್ಲ ಗಾಳಿ ಹೆಚ್ಚೆಂದರೆ 370 ಮಿಲಿಗ್ರಾಂ. ಕಪ್ಪು ಹೊಗೆ ಬಾರದಂತೆ ಉರಿಸಬೇಕಾದರೆ ಡೀಸೆಲ್ ಇಂಜಿನ್ನಿಗೆ ಗಾಳಿ ಸ್ವಲ್ಪ ಧಾರಾಳವಾಗಿಯೇ ಬೇಕು. ಒಂದು ಪಾಲು ಡೀಸೆಲ್ಲಿಗೆ ಹದಿನೆಂಟು ಪಾಲು ಗಾಳಿ ಎಂದಿಟ್ಟುಕೊಂಡರೆ, ಆ 370 ಮಿಲಿಗ್ರಾಂ ಗಾಳಿಯಲ್ಲಿ ಉರಿಸಲಾಗುವ ಡೀಸೆಲ್ 20 ಮಿಲಿಗ್ರಾಂ. ಒಂದು ಸಣ್ಣ ಹನಿ.

ನಿಮಿಷಕ್ಕೆ 2000 ಸುತ್ತು ತಿರುಗುವಾಗ ನಾಲ್ಕು ಸಿಲಿಂಡರುಗಳೂ ಸೇರಿ 4000 ಸಲ ಉಸಿರೆಳೆಯುತ್ತವೆ. 4000 ಹನಿ, ಅಂದರೆ ನಿಮಿಷಕ್ಕೆ 80 ಗ್ರಾಂ ಡೀಸೆಲ್. ಅದರ ಶಾಖದಲ್ಲಿ ಮೂರನೇ ಒಂದು ಭಾಗದಷ್ಟು ಮಾತ್ರ ಚಕ್ರದ ಕಡೆ ಹೋಗುತ್ತದೆ. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 27 ಅಶ್ವಶಕ್ತಿ. ಆದರೆ ಈ ಇಂಜಿನ್ನಿನ 75 ಅಶ್ವಶಕ್ತಿಯ ಮಾದರಿ 2000 ಸುತ್ತಿನಲ್ಲಿ 190 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ ಎಂದು ತಯಾರಕರು ಬರೆದಿದ್ದಾರೆ. ಅದನ್ನು ಶಕ್ತಿಗೆ ಪರಿವರ್ತಿಸಿದರೆ 54 ಅಶ್ವಶಕ್ತಿ. ಸರಿಯಾಗಿ ಎರಡು ಪಟ್ಟು! ಈ ಇನ್ನರ್ಧ ಟರ್ಬೋ ತುರುಕಿದ ಗಾಳಿಯಿಂದ ಬಂದದ್ದು. ಆ ಗಾಳಿ ತಪ್ಪಿದ ದಿನ ಐದು ಜನ ಮತ್ತು ಅವರ ಲಗೇಜು ಹೊತ್ತ ಕಾರು 27 ಅಶ್ವಶಕ್ತಿಯಲ್ಲಿ ಘಟ್ಟ ಹತ್ತಬೇಕು.

ಟರ್ಬೋ ಎಂದರೆ ಒಂದೇ ದಂಡದ ಎರಡು ತುದಿಗೆ ಎರಡು ಚಕ್ರ. ಒಂದನ್ನು ಸೈಲೆನ್ಸರ್ ಕಡೆ ಹೊರಟ ಬಿಸಿ ಹೊಗೆ ತಿರುಗಿಸುತ್ತದೆ. ಇನ್ನೊಂದು ಹೊರಗಿನ ಗಾಳಿಯನ್ನು ಹಿಡಿದು ಇಂಜಿನ್ನಿನೊಳಗೆ ಒತ್ತುತ್ತದೆ. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಶಿ ಇದಕ್ಕೆ 1905ರಲ್ಲೇ ಪೇಟೆಂಟ್ ಪಡೆದಿದ್ದ. ಹಡಗು, ರೈಲು, ಲಾರಿಗಳನ್ನೆಲ್ಲ ಸುತ್ತಿ ಅದು ಡೀಸೆಲ್ ಕಾರಿಗೆ ಬರುವ ಹೊತ್ತಿಗೆ ಎಪ್ಪತ್ತು ವರ್ಷ ದಾಟಿತ್ತು. ಮರ್ಸಿಡಿಸ್ ಕಂಪನಿ 1978ರಲ್ಲಿ ಅಮೆರಿಕದ ಮಾರುಕಟ್ಟೆಗೆ ತಂದ 300 ಎಸ್‌ಡಿ ಆ ಸಾಲಿನ ಮೊದಲನೆಯದು. ಸಣ್ಣ ಕಾರಿನ ಟರ್ಬೋ ಚಕ್ರ ಅಂಗೈಯಲ್ಲಿ ಹಿಡಿಸುತ್ತದೆ. ಅದು ನಿಮಿಷಕ್ಕೆ ಎರಡು ಲಕ್ಷ ಸುತ್ತು ತಿರುಗಬಲ್ಲದು. ಒಂದು ಕಡೆ ಏಳುನೂರು ಡಿಗ್ರಿ ಬಿಸಿಯ ಹೊಗೆ, ಕೈಗೇಣು ದೂರದಲ್ಲಿ ಹೊರಗಿನ ತಣ್ಣನೆ ಗಾಳಿ, ನಡುವೆ ದಂಡವನ್ನು ತೇಲಿಸುವ ಎಣ್ಣೆಯ ತೆಳುಪದರ.

ಸುಮ್ಮನೆ ಹೊರಗೆ ಹೋಗುತ್ತಿದ್ದ ಶಾಖವನ್ನು ದುಡಿಸಿಕೊಂಡ ಈ ಜಾಣತನದಲ್ಲೇ ರೋಗಪತ್ತೆಯ ತೊಡಕೂ ಇದೆ. ಕುಲುಮೆಯಲ್ಲಿ ತಿದಿ ಒತ್ತುವ ಕೆಲಸವನ್ನು ಬೆಂಕಿಗೇ ವಹಿಸಿದ ಹಾಗೆ ಇದು. ಗಾಳಿ ಹೆಚ್ಚಾದರೆ ಡೀಸೆಲ್ ಹೆಚ್ಚು ಉರಿಯುತ್ತದೆ. ಡೀಸೆಲ್ ಹೆಚ್ಚು ಉರಿದರೆ ಹೊಗೆಯ ರಭಸ ಹೆಚ್ಚುತ್ತದೆ, ಅದರಿಂದ ಟರ್ಬೋ ಜೋರಾಗಿ ತಿರುಗುತ್ತದೆ, ಮತ್ತೆ ಗಾಳಿ ಹೆಚ್ಚುತ್ತದೆ. ಈ ಸುತ್ತಿನ ಯಾವ ಕೊಂಡಿ ಸಡಿಲವಾದರೂ ಇಡೀ ಸುತ್ತು ಸೊರಗುತ್ತದೆ. ಡೀಸೆಲ್ ಫಿಲ್ಟರ್ ಕಟ್ಟಿಕೊಂಡರೂ ಟರ್ಬೋ ಒತ್ತಡ ಬೀಳುತ್ತದೆ, ಟರ್ಬೋ ಸಂಪೂರ್ಣ ಆರೋಗ್ಯವಾಗಿದ್ದಾಗಲೂ. ಹಾಗಾಗಿ ‘ಒತ್ತಡ ಕಡಿಮೆ’ ಎಂಬ ಒಂದೇ ಅಂಕಿ ಹಿಡಿದು ಅಪರಾಧಿಯನ್ನು ಗುರುತಿಸಲು ಬರುವುದಿಲ್ಲ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಕತ್ತರಿಸಿ ನೋಡಬೇಕು.

ಕತ್ತರಿಸುವ ಮೊದಲು ಎರಡು ಸಣ್ಣ ಅನುಮಾನ ಪರಿಹರಿಸಿಕೊಳ್ಳುವುದು ಒಳ್ಳೆಯದು. ಮೇಲಿನ ಗೇರಿನಲ್ಲಿ ಪೂರ್ತಿ ತುಳಿದಾಗ ಆರ್‌ಪಿಎಂ ಮುಳ್ಳು ಸರಸರ ಏರಿ, ವೇಗದ ಮುಳ್ಳು ಅಲ್ಲೇ ಇದ್ದರೆ ಕ್ಲಚ್ ಜಾರುತ್ತಿದೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ ಒಂದು ಚಕ್ರ ಮಾತ್ರ ವಿಪರೀತ ಬಿಸಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಇವೆರಡಕ್ಕೂ ಟರ್ಬೋ ಬದಲಿಸಿಕೊಂಡು ಬಂದವರಿದ್ದಾರೆ.

ಮೊದಲ ಕತ್ತರಿ ಹೊಗೆಯದು. ಪೂರ್ತಿ ತುಳಿದಾಗ ಹಿಂದೆ ಕಪ್ಪು ಮೋಡ ಎದ್ದರೆ ಡೀಸೆಲ್ ಬಂದಿದೆ, ಗಾಳಿ ಬಂದಿಲ್ಲ. ಹೊಗೆಯೂ ಇಲ್ಲ, ಎಳೆತವೂ ಇಲ್ಲ ಎಂದರೆ ಡೀಸೆಲ್ಲೇ ಬರುತ್ತಿಲ್ಲ, ಅಥವಾ ಗಾಳಿ ಕಡಿಮೆ ಎಂದು ತಿಳಿದ ಕಂಪ್ಯೂಟರ್ ಬೇಕೆಂದೇ ಡೀಸೆಲ್ ತಡೆದಿದೆ. ನೀಲಿ ಹೊಗೆ ಇಂಜಿನ್ ಆಯಿಲ್ ಉರಿದದ್ದು. ಇಷ್ಟು ಸುಲಭದ ಸಾಕ್ಷಿ ಈಗಿನ ಕಾರುಗಳಲ್ಲಿ ಸಿಗುವುದಿಲ್ಲ. 2020ರ ಏಪ್ರಿಲಿನಿಂದ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಬಾಲದಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಕೂತಿದೆ. ಒಳಗೆ ಎಷ್ಟೇ ಮಸಿ ಹುಟ್ಟಿದರೂ ಹೊರಗೆ ಕಾಣದು. ಊರಿನ ಗಾಳಿಗೆ ಒಳ್ಳೆಯದಾಯಿತು, ಮೆಕ್ಯಾನಿಕ್ಕಿನ ಕಣ್ಣಿಗೆ ಕಷ್ಟವಾಯಿತು.

ಎರಡನೆಯ ಕತ್ತರಿ ಸ್ಕ್ಯಾನರ್. ಹಲವರು ಅದನ್ನು ಚುಚ್ಚಿ, ಪಿ-0299 ಎಂಬ ಕೋಡ್ ಓದಿ, ‘ಟರ್ಬೋ ಅಂಡರ್‌ಬೂಸ್ಟ್’ ಎಂದು ಘೋಷಿಸಿ ಬಿಚ್ಚಿಬಿಡುತ್ತಾರೆ. ಆ ಕೋಡ್ ಹೇಳುವುದು ‘ಕೇಳಿದಷ್ಟು ಒತ್ತಡ ಸಿಗಲಿಲ್ಲ’ ಎಂದಷ್ಟೆ. ಪಿಕಪ್ ಇಲ್ಲ ಎಂಬ ನಮ್ಮ ದೂರನ್ನೇ ಅದು ಯಂತ್ರದ ಭಾಷೆಯಲ್ಲಿ ಮರಳಿ ಒಪ್ಪಿಸಿದೆ. ಸ್ಕ್ಯಾನರಿನ ನಿಜವಾದ ಉಪಯೋಗ ಲೈವ್ ಡೇಟಾದಲ್ಲಿದೆ.

ಕೀ ತಿರುಗಿಸಿ, ಇಂಜಿನ್ ಸ್ಟಾರ್ಟ್ ಮಾಡದೆ, ಒತ್ತಡದ ಸೆನ್ಸರ್ ಏನು ಹೇಳುತ್ತದೆ ನೋಡಿ. ಗಾಳಿ ನಿಶ್ಚಲವಾಗಿರುವಾಗ ಅದು ಆ ಊರಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು. ಮಂಗಳೂರಿನಲ್ಲಿ ಸುಮಾರು 1010 ಮಿಲಿಬಾರ್, ಬೆಂಗಳೂರಿನಲ್ಲಿ 910ರ ಆಸುಪಾಸು, ಮಡಿಕೇರಿಯಲ್ಲಿ 885ರ ಹತ್ತಿರ. ಬೆಂಗಳೂರಿನಲ್ಲಿ ನಿಂತ ಕಾರು 1010 ಎಂದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಇಲ್ಲಿ ಒಂದು ಎಚ್ಚರ: ಮೊಬೈಲಿನ ಹವಾಮಾನ ಆ್ಯಪ್ ಬೆಂಗಳೂರಿಗೂ 1010, 1012 ಎಂದೇ ತೋರಿಸುತ್ತದೆ. ಹವಾಮಾನದವರು ಎಲ್ಲ ಊರುಗಳ ಒತ್ತಡವನ್ನೂ ಸಮುದ್ರಮಟ್ಟಕ್ಕೆ ಇಳಿಸಿ ಬರೆಯುವುದರಿಂದ ಹೀಗಾಗುತ್ತದೆ. ಅದನ್ನು ನಂಬಿ ಒಳ್ಳೆಯ ಸೆನ್ಸರನ್ನು ಕಿತ್ತೆಸೆಯಬಾರದು.

ಇನ್ನು ಓಡಿಸಿ ನೋಡಬೇಕು. ಇದಕ್ಕೆ ಇಬ್ಬರು ಬೇಕು, ಒಬ್ಬರು ಓಡಿಸಲು, ಒಬ್ಬರು ಪರದೆ ನೋಡಲು. ಖಾಲಿ ಇರುವ ಏರುರಸ್ತೆಯಲ್ಲಿ ಮೂರನೇ ಗೇರಿನಲ್ಲಿ 1500ರಿಂದ 3500 ಸುತ್ತಿನ ತನಕ ಪೂರ್ತಿ ತುಳಿದು, ಕಂಪ್ಯೂಟರ್ ಕೇಳಿದ ಒತ್ತಡ ಮತ್ತು ನಿಜಕ್ಕೂ ಸಿಕ್ಕ ಒತ್ತಡ, ಈ ಎರಡನ್ನೂ ಒಟ್ಟಿಗೆ ದಾಖಲಿಸಬೇಕು. ಆ ಎರಡು ಗೆರೆಗಳ ನಡುವಿನ ಅಂತರ ಎಲ್ಲಿ ಹುಟ್ಟಿ ಎಲ್ಲಿ ಬೆಳೆಯುತ್ತದೆ ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ. ಕೆಳಗಿನ ಸುತ್ತುಗಳಲ್ಲಿ ದೊಡ್ಡ ಅಂತರವಿದ್ದು ಮೇಲೆ ಹೋದಂತೆ ಕೂಡಿಕೊಂಡರೆ ಟರ್ಬೋದ ರೆಕ್ಕೆಗಳು ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡಿವೆ. ಆರಂಭದಲ್ಲಿ ಸರಿಯಿದ್ದು ಒತ್ತಡ ಏರಿದಂತೆಲ್ಲ ಅಂತರ ಹಿಗ್ಗಿದರೆ ಎಲ್ಲೋ ಗಾಳಿ ಸೋರುತ್ತಿದೆ. ಕೇಳಿದ ಒತ್ತಡವೇ ಕಡಿಮೆ ಇದ್ದು, ಸಿಕ್ಕದ್ದು ಅದಕ್ಕೆ ತಾಳೆಯಾದರೆ ಟರ್ಬೋ ನಿರಪರಾಧಿ. ಕಂಪ್ಯೂಟರ್ ಯಾಕೆ ಕಡಿಮೆ ಕೇಳಿತು ಎಂಬ ಕಡೆ ಹುಡುಕಬೇಕು.

ಇನ್ನೊಂದು ಆಕಾರ ನೋಡಿದವರಿಗೆ ಮೊದಲು ನಂಬಿಕೆ ಬರುವುದಿಲ್ಲ. ಸಿಕ್ಕ ಒತ್ತಡ ಕೇಳಿದ್ದಕ್ಕಿಂತ ಮೇಲೆ ಹಾರಿ, ಮರುಕ್ಷಣ ಎರಡೂ ಪಾತಾಳಕ್ಕೆ ಬೀಳುತ್ತವೆ. ಕೋಡ್ ಪಿ-0234, ಓವರ್‌ಬೂಸ್ಟ್. ಒತ್ತಡ ಮಿತಿ ಮೀರಿದ್ದನ್ನು ಕಂಡ ಕಂಪ್ಯೂಟರ್ ಇಂಜಿನ್ ಉಳಿಸಲು ಲಿಂಪ್ ಮೋಡಿಗೆ ಇಳಿದಿರುತ್ತದೆ. ಅಲ್ಲಿಂದ ಮುಂದೆ ಕಾರು ತೆವಳುತ್ತದೆ. ಬದಿಗೆ ನಿಲ್ಲಿಸಿ, ಕೀ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗಿಯೇ ಇಲ್ಲವೆಂಬಂತೆ ಓಡುತ್ತದೆ, ಮುಂದಿನ ದೊಡ್ಡ ಏರಿನ ತನಕ. ‘ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗುತ್ತೆ’ ಎಂದು ಗಿರಾಕಿ ಹೇಳಿದರೆ ಅದು ಉಪೇಕ್ಷಿಸುವ ಮಾತಲ್ಲ. ಒತ್ತಡ ಹೆಚ್ಚಾದದ್ದೇ ಎಳೆತ ಕಡಿಮೆಯಾಗಲು ಕಾರಣ ಎಂಬ ಸುಳಿವು ಅದರಲ್ಲಿದೆ.

ರೆಕ್ಕೆಗಳು ಎಂದೆನಲ್ಲ, ಅವು ಎಲ್ಲ ಟರ್ಬೋದಲ್ಲೂ ಇರುವುದಿಲ್ಲ. ಮೇಲೆ ಹೇಳಿದ 75 ಅಶ್ವಶಕ್ತಿಯ ಮಾದರಿಯದು ಸರಳ ಟರ್ಬೋ. ಅದರ 90 ಅಶ್ವಶಕ್ತಿಯ ಅಣ್ಣನಲ್ಲಿ ವಿಜಿಟಿ ಇದೆ: ಹೊಗೆ ಬಡಿಯುವ ಚಕ್ರದ ಸುತ್ತ ಸಣ್ಣ ಸಣ್ಣ ರೆಕ್ಕೆಗಳ ಬಳೆ. ಇಂಜಿನ್ ನಿಧಾನವಾಗಿ ತಿರುಗುವಾಗ ರೆಕ್ಕೆಗಳು ಕಿರಿದಾಗಿ ಹೊಗೆಗೆ ರಭಸ ಕೊಡುತ್ತವೆ, ವೇಗ ಏರಿದಂತೆ ತೆರೆದುಕೊಳ್ಳುತ್ತವೆ. ಸದಾ ಮಸಿಯಲ್ಲೇ ಮುಳುಗಿರುವ ಈ ಬಳೆ ಒಂದೇ ಜಾಗದಲ್ಲಿ ಬಹುಕಾಲ ನಿಂತರೆ ಅಂಟಿಕೊಳ್ಳುತ್ತದೆ. ಕಾರನ್ನು ಎಂದೂ ದಂಡಿಸದೆ ಮೆತ್ತಗೆ ಓಡಿಸುವವರಿಗೇ ಈ ತೊಂದರೆ ಹೆಚ್ಚು ಎಂದರೆ ಅವರಿಗೆ ಬೇಸರವಾಗಬಹುದು. ಬಳೆ ಪೂರ್ತಿ ಚಲಿಸುವ ಅವಕಾಶವೇ ಅಂಥ ಓಟದಲ್ಲಿ ಬರುವುದಿಲ್ಲ.

ರೆಕ್ಕೆಗಳನ್ನು ಆಡಿಸುವುದು ಕೆಲವು ಕಾರುಗಳಲ್ಲಿ ವಿದ್ಯುತ್ ಮೋಟಾರ್, ಹಳೆಯ ಬಹುತೇಕ ಕಾರುಗಳಲ್ಲಿ ವ್ಯಾಕ್ಯೂಮ್. ವ್ಯಾಕ್ಯೂಮ್ ಇದ್ದರೆ ಬರಿಗಣ್ಣಿನಲ್ಲೇ ಒಂದು ಪರೀಕ್ಷೆ ಮಾಡಬಹುದು. ಇಂಜಿನ್ ತಣ್ಣಗಿರುವಾಗ ಟರ್ಬೋದ ಪಕ್ಕ ಟಾರ್ಚ್ ಹಿಡಿದು ಬಗ್ಗಿದರೆ ಹಳದಿ ಬಣ್ಣದ ಅಥವಾ ತುಕ್ಕು ಬಣ್ಣದ ಪುಟ್ಟ ತಗಡಿನ ಡಬ್ಬಿ ಕಾಣುತ್ತದೆ. ಅದರಿಂದ ಪೆನ್ಸಿಲಿಗಿಂತ ಸಣ್ಣ ರಾಡ್ ಹೊರಟು ಟರ್ಬೋದ ಮೇಲಿನ ಲಿವರಿಗೆ ಸೇರಿರುತ್ತದೆ. ಇನ್ನೊಬ್ಬರು ಸ್ಟಾರ್ಟ್ ಮಾಡಿದ ಕೂಡಲೇ ಆ ರಾಡ್ ಸುಮಾರು ಒಂದು ಸೆಂಟಿಮೀಟರ್ ಸರಿಯಬೇಕು. ಆಫ್ ಮಾಡಿದಾಗ ತಡೆಯಿಲ್ಲದೆ ವಾಪಸು ಬರಬೇಕು. ಅಲುಗಲೇ ಇಲ್ಲವೇ? ಡಬ್ಬಿಯ ಪೈಪ್ ಕಿತ್ತು ಬೆರಳಿಟ್ಟು ನೋಡಿ, ಎಳೆತ ಗೊತ್ತಾಗಬೇಕು. ಎಳೆತ ಇದ್ದೂ ರಾಡ್ ಕದಲದಿದ್ದರೆ ಡಬ್ಬಿಯೊಳಗಿನ ರಬ್ಬರ್ ಹರಿದಿದೆ ಅಥವಾ ರೆಕ್ಕೆ ಅಂಟಿದೆ. ಎಳೆತವೇ ಇಲ್ಲದಿದ್ದರೆ ವ್ಯಾಕ್ಯೂಮ್ ಪಂಪಿನಿಂದ ಸೊಲೆನಾಯ್ಡ್ ದಾಟಿ ಇಲ್ಲಿಯವರೆಗೆ ಬರುವ ಬೆರಳು ದಪ್ಪವೂ ಇಲ್ಲದ ರಬ್ಬರ್ ನಳಿಗೆಗಳನ್ನು ಇಂಚಿಂಚೂ ಸವರಿ ನೋಡಬೇಕು. ಇಂಜಿನ್ ಶಾಖಕ್ಕೆ ಗಟ್ಟಿಯಾಗಿ ತುದಿಯಲ್ಲಿ ಸೀಳಿದ ಒಂದು ನಳಿಗೆಗಾಗಿ ಇಡೀ ಟರ್ಬೋ ಗುಜರಿಗೆ ಹೋದದ್ದುಂಟು.

ಗಾಳಿಯ ಸೋರಿಕೆಯದು ಇನ್ನೂ ಸ್ವಾರಸ್ಯದ ಕಥೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಒತ್ತಡ ಎರಡು ಪಟ್ಟಾಗುವಾಗ ಟರ್ಬೋದಿಂದ ಹೊರಬರುವ ಗಾಳಿ 120 ಡಿಗ್ರಿ ದಾಟುವುದು ಸಾಮಾನ್ಯ. ಬಿಸಿ ಗಾಳಿ ಹಗುರ, ಅಂದರೆ ಅದೇ ಜಾಗದಲ್ಲಿ ಆಮ್ಲಜನಕ ಕಡಿಮೆ. ಅದಕ್ಕೇ ಅದನ್ನು ಕಾರಿನ ಮುಂಭಾಗದ ಇಂಟರ್‌ಕೂಲರಿಗೆ ಒಯ್ದು ತಣಿಸಿ ಮರಳಿ ತರುತ್ತಾರೆ. ಈ ಹೋಗಿ ಬರುವ ದಾರಿಯಲ್ಲಿ ರಬ್ಬರ್ ಹೋಸ್‌ಗಳು, ಕ್ಲಿಪ್‌ಗಳು, ಓ-ರಿಂಗ್‌ಗಳು. ಇಂಜಿನ್ ಐಡಲ್‌ನಲ್ಲಿರುವಾಗ ಹೋಸಿನೊಳಗೆ ಒತ್ತಡವೇ ಇಲ್ಲದ್ದರಿಂದ ಬಿರುಕು ಮುಚ್ಚಿಕೊಂಡಿರುತ್ತದೆ. ಗ್ಯಾರೇಜಿನಲ್ಲಿ ನಿಂತ ಕಾರಿನಲ್ಲಿ ಹುಡುಕಿದರೆ ಏನೂ ಕಾಣದು. ಏರಿನಲ್ಲಿ ಭಾರ ಬಿದ್ದಾಗ ಮಾತ್ರ ಅದು ಬಾಯಿ ಬಿಟ್ಟು ಹುಸ್ಸೆನ್ನುತ್ತದೆ. ಗಾಳಿ ಅಳೆಯುವ ಸೆನ್ಸರ್ ಕೂತಿರುವುದು ಟರ್ಬೋಗಿಂತ ಮೊದಲು, ಏರ್ ಫಿಲ್ಟರಿನ ಪಕ್ಕ. ಅದು ಎಣಿಸಿದ ಗಾಳಿಯೆಲ್ಲ ಇಂಜಿನ್ ಸೇರಿತು ಎಂದೇ ಕಂಪ್ಯೂಟರಿನ ನಂಬಿಕೆ. ದಾರಿಯಲ್ಲಿ ಸೋರಿ ಹೋದದ್ದು ಅದಕ್ಕೆ ತಿಳಿಯದು. ಅಷ್ಟಕ್ಕೂ ಡೀಸೆಲ್ ಚಿಮ್ಮಿಸುತ್ತದೆ, ಕಪ್ಪು ಹೊಗೆ ಏಳುತ್ತದೆ.

ಬಿರುಕು ಹುಡುಕಲು ಎಣ್ಣೆಯ ಜಿಡ್ಡೇ ದಾರಿದೀಪ. ಇಂಜಿನ್ನಿನ ಹೊಟ್ಟೆಯ ಆವಿಯನ್ನು ಈ ಗಾಳಿಗೇ ಬಿಡುವುದರಿಂದ ಪೈಪುಗಳೊಳಗೆ ತೆಳ್ಳನೆಯ ಎಣ್ಣೆಪಸೆ ಯಾವಾಗಲೂ ಇರುತ್ತದೆ. ಸೋರುವ ಜಾಗದಲ್ಲಿ ಅದು ಹೊರಗೆ ಬಂದು ಧೂಳು ಹಿಡಿದು ಕರ್ರಗೆ ಕಲೆಯಾಗುತ್ತದೆ. ಆ ಕಲೆಯ ಬಳಿ ಹೋಸನ್ನು ಎರಡು ಕೈಯಲ್ಲಿ ಹಿಂಡಿ ತಿರುಚಿದರೆ ಬಿರುಕು ತೆರೆದುಕೊಳ್ಳುತ್ತದೆ, ಹೆಚ್ಚಾಗಿ ಕೈಗೆ ಸಿಗದ ಕೆಳಮಗ್ಗುಲಲ್ಲೇ. ಇಷ್ಟಕ್ಕೂ ಸಿಗದಿದ್ದರೆ ಪೈಪಿನ ಬಾಯಿ ಮುಚ್ಚಿ ಸ್ವಲ್ಪ ಗಾಳಿ ತುಂಬಿಸಿ ಸೋಪಿನ ನೀರು ಎರಚಬೇಕು. ಆದರೆ ಪೈಪ್ ಬಿಚ್ಚಿ ಒಳಗಿನ ಪಸೆ ತೋರಿಸಿ, ‘ನೋಡಿ, ಟರ್ಬೋ ಆಯಿಲ್ ಬಿಡ್ತಿದೆ’ ಎನ್ನುವವರ ಮಾತಿಗೆ ಬೆದರಬೇಕಿಲ್ಲ. ಪಸೆ ಸಹಜ. ಇಂಟರ್‌ಕೂಲರಿನ ತಳದಲ್ಲಿ ಎಣ್ಣೆ ಮಡುಗಟ್ಟಿ ನಿಂತಿದ್ದರೆ ಮಾತು ಬೇರೆ.

ಗಾಳಿ ಅಳೆಯುವ ಆ ಸೆನ್ಸರೇ ಕೊಳೆಯಾಗಿ ಕಡಿಮೆ ಎಣಿಸಿದರೆ ಕಥೆ ತಿರುಗುಮುರುಗಾಗುತ್ತದೆ. ಗಾಳಿ ಇದ್ದರೂ ಇಲ್ಲವೆಂದುಕೊಂಡು ಕಂಪ್ಯೂಟರ್ ಡೀಸೆಲ್ ಬಿಗಿ ಮಾಡುತ್ತದೆ. ಹೊಗೆ ಇಲ್ಲ, ಸದ್ದಿಲ್ಲ, ಎಳೆತವೂ ಇಲ್ಲ. ಸೆನ್ಸರಿನ ಪ್ಲಗ್ ಕಿತ್ತು ಓಡಿಸಿದಾಗ ಕಾರು ಚುರುಕಾದರೆ, ಇಲ್ಲದ ಸೆನ್ಸರಿಗಿಂತ ಇದ್ದ ಸೆನ್ಸರೇ ಹೆಚ್ಚು ಕೆಡುಕು ಮಾಡುತ್ತಿತ್ತು ಎಂದಾಯಿತು. ಇನ್ನು ಇಜಿಆರ್ ವಾಲ್ವ್. ನೈಟ್ರೋಜನ್ ಆಕ್ಸೈಡ್ ತಗ್ಗಿಸಲು ಒಂದಿಷ್ಟು ಹೊಗೆಯನ್ನು ಮರಳಿ ಇಂಜಿನ್ನಿಗೆ ಬಿಡುವುದು ಅದರ ಕೆಲಸ. ಪೂರ್ತಿ ತುಳಿದಾಗ ಅದು ಮುಚ್ಚಿಕೊಳ್ಳಬೇಕು. ಮಸಿ ಸಿಕ್ಕಿಕೊಂಡು ತೆರೆದೇ ಉಳಿದರೆ, ಹೊಸ ಗಾಳಿಗೆ ಸಲ್ಲಬೇಕಾದ ಜಾಗವನ್ನು ಹಳೆ ಹೊಗೆ ಆಕ್ರಮಿಸುತ್ತದೆ. ಟರ್ಬೋ ತಿರುಗಿಸಬೇಕಾದ ಹೊಗೆಯೂ ಅಷ್ಟು ಕಡಿಮೆಯಾಗುತ್ತದೆ.

ಬಾಲದ ಕಡೆಯ ತಡೆಯನ್ನು ಹೆಚ್ಚಿನವರು ಮರೆಯುತ್ತಾರೆ. ಟರ್ಬೋ ಚಕ್ರವನ್ನು ತಿರುಗಿಸುವುದು ಅದರ ಮುಂದಿನ ಮತ್ತು ಹಿಂದಿನ ಒತ್ತಡಗಳ ವ್ಯತ್ಯಾಸ. ಡಿಪಿಎಫ್ ಕಟ್ಟಿಕೊಂಡರೆ ಹಿಂದಿನ ಒತ್ತಡ ಏರುತ್ತದೆ, ವ್ಯತ್ಯಾಸ ಕುಗ್ಗುತ್ತದೆ. ಆ ಫಿಲ್ಟರ್ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಲು ಸುಮಾರು 600 ಡಿಗ್ರಿ ಬಿಸಿ ಮತ್ತು ಒಂದಷ್ಟು ಹೊತ್ತಿನ ಎಡೆಬಿಡದ ಓಟ ಬೇಕು. ಸಿಲ್ಕ್ ಬೋರ್ಡ್ ಸಿಗ್ನಲಿನಲ್ಲಿ ಅದು ಸಿಗುವುದಿಲ್ಲ. ದಿನಕ್ಕೆ ಮೂರು ಕಿಲೋಮೀಟರ್ ಓಡಿಸುವವರು ಬಿಎಸ್-6 ಡೀಸೆಲ್ ಕಾರು ಕೊಂಡದ್ದೇ ತಪ್ಪು ಎಂದು ನನ್ನ ಅಭಿಪ್ರಾಯ.

ಡೀಸೆಲ್ ಕಡೆಯ ದೋಷಕ್ಕೆ ಇಲ್ಲಿ ಹೆಚ್ಚು ಜಾಗ ಕೊಡುತ್ತಿಲ್ಲ. ಆಡುಗೋಡಿಯ ಮೈಕೋ ಕಾರ್ಖಾನೆಯ ಮೆಕ್ಯಾನಿಕಲ್ ಪಂಪುಗಳ ಕಾಲದಲ್ಲಿ ಪಂಪಿನ ಸ್ಕ್ರೂ ತಿರುಗಿಸಿ ಪಿಕಪ್ ಹೆಚ್ಚಿಸುವ ಉಸ್ತಾದರು ಊರೂರಲ್ಲಿದ್ದರು. 1997ರಲ್ಲಿ ಆಲ್ಫಾ ರೋಮಿಯೋ 156ರ ಮೂಲಕ ಕಾಮನ್ ರೈಲ್ ಎಂಬ, ಕಂಪ್ಯೂಟರ್ ಹತೋಟಿಯ ಡೀಸೆಲ್ ವ್ಯವಸ್ಥೆ ಕಾರಿಗೆ ಬಂದ ಮೇಲೆ ಆ ವಿದ್ಯೆಗೆ ಕೆಲಸವಿಲ್ಲ. ಈಗ ನೋಡಬೇಕಾದದ್ದು ಮತ್ತೆ ಎರಡು ಗೆರೆಗಳನ್ನೇ: ಕೇಳಿದ ರೈಲ್ ಒತ್ತಡ, ಸಿಕ್ಕ ರೈಲ್ ಒತ್ತಡ. ಗಾಳಿಯ ಗೆರೆಗಳಿಗಿಂತ ಮೊದಲು ಇವು ಬೇರೆಯಾದರೆ ಡೀಸೆಲ್ ಫಿಲ್ಟರಿನಿಂದ ಶುರುಮಾಡಿ. ಸಾವಿರ ಬಾರ್ ದಾಟುವ ಒತ್ತಡ ಅದು. ಸೋರಿಕೆಯನ್ನು ಬೆರಳಿನಿಂದ ಹುಡುಕಲು ಹೋದರೆ ಡೀಸೆಲ್ ಚರ್ಮ ಸೀಳಿ ಒಳಹೊಗುತ್ತದೆ.

ಇಷ್ಟೆಲ್ಲ ದಾಟಿ ಬಂದ ಮೇಲೆ ಟರ್ಬೋವನ್ನೇ ಬಿಚ್ಚಿ ನೋಡುವುದು ನ್ಯಾಯ. ಗಾಳಿಯ ಕಡೆಯ ಚಕ್ರವನ್ನು ಬೆರಳಲ್ಲಿ ಹಿಡಿದು ಅಕ್ಕಪಕ್ಕ ಅಲುಗಿಸಿದರೆ ಸ್ವಲ್ಪ ಆಡುತ್ತದೆ. ಎಣ್ಣೆಯ ಪದರದ ಮೇಲೆ ತೇಲಬೇಕಾದ ದಂಡ ಎಣ್ಣೆ ಇಲ್ಲದಾಗ ಹಾಗೆ ಆಡುವುದು ಸಹಜ. ಹಿಂದೆ ಮುಂದೆ ಎಳೆದಾಗ ಆಟ ಕೈಗೆ ತಿಳಿಯಬಾರದು. ಚಕ್ರದ ಅಂಚು ಗೂಡಿನ ಗೋಡೆಯನ್ನು ಉಜ್ಜಿದ ಹೊಳಪು ಗೀರು ಕಂಡರೆ, ಅಥವಾ ಅಂಚು ಧೂಳಿಗೆ ಸವೆದು ಗರಗಸದಂತಾಗಿದ್ದರೆ, ಆ ಟರ್ಬೋ ಮುಗಿಯಿತು. ಓಡುವಾಗ ಸೈರನ್ನಿನಂಥ ಕೂಗು ಕೇಳಿಸಿದ್ದರೆ ಅದೂ ಇದೇ ಉಜ್ಜಾಟದ್ದು.

ಆದರೂ ಹೊಸದನ್ನು ಕೂರಿಸುವ ಮುಂಚೆ ಹಳೆಯದು ಯಾಕೆ ಸತ್ತಿತು ಎಂದು ಕೇಳಲೇಬೇಕು. ಟರ್ಬೋಗಳು ವಯಸ್ಸಾಗಿ ಸಾಯುವುದಕ್ಕಿಂತ ಎಣ್ಣೆ ಸಿಗದೆ ಸಾಯುವುದೇ ಹೆಚ್ಚು. ಆಯಿಲ್ ಬದಲಿಸುವುದನ್ನು ತಿಂಗಳುಗಟ್ಟಲೆ ಮುಂದೂಡಿದ ಇಂಜಿನ್ನಿನಲ್ಲಿ, ಟರ್ಬೋಗೆ ಎಣ್ಣೆ ಕೊಡುವ ಸಪೂರ ಪೈಪಿನೊಳಗೆ ಸುಟ್ಟ ಎಣ್ಣೆ ಕಲ್ಲಿದ್ದಲಿನಂತೆ ಗಟ್ಟಿಯಾಗಿರುತ್ತದೆ. ಅದೇ ಪೈಪಿಗೆ ಹೊಸ ಟರ್ಬೋ ಜೋಡಿಸಿದರೆ ಅದರ ಆಯುಷ್ಯ ಕೆಲವೇ ದಿನ. ಪೈಪನ್ನು ತೊಳೆಯುವುದಲ್ಲ, ಬದಲಿಸಬೇಕು. ಇಂಟರ್‌ಕೂಲರಿನಲ್ಲಿ ನಿಂತ ಎಣ್ಣೆಯನ್ನೂ ಹಳೆಯ ಚಕ್ರದ ಚೂರುಗಳನ್ನೂ ಪೂರ್ತಿ ಹೊರತೆಗೆಯಬೇಕು. ಹೊಸ ಟರ್ಬೋದ ಎಣ್ಣೆಕಂಡಿಗೆ ಕೈಯಿಂದಲೇ ಒಂದಿಷ್ಟು ಶುದ್ಧ ಆಯಿಲ್ ಸುರಿದು, ಚಕ್ರವನ್ನು ಬೆರಳಲ್ಲಿ ತಿರುಗಿಸಿ, ಆಮೇಲೆ ಪೈಪ್ ಬಿಗಿಯಬೇಕು. ಸ್ಟಾರ್ಟ್ ಮಾಡಿದ ಮೊದಲ ಕೆಲವು ನಿಮಿಷ ಯಾರೂ ಆಕ್ಸಿಲರೇಟರ್ ಮುಟ್ಟಬಾರದು.